ರೂಪಾಯಿಗೆ ಆರು ಪೈಸೆ

ಕರ್ನಾಟಕದಲ್ಲಿ ಸ್ವಂತ ಮನೆಯಿದ್ದವರೆಲ್ಲ ವರ್ಷಕ್ಕೊಮ್ಮೆ ಗ್ರಂಥಾಲಯಕ್ಕೆ ಹಣ ಕೊಡುತ್ತಾರೆ. ಹಾಗೆ ಕೊಡುತ್ತಿದ್ದೇವೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಆಸ್ತಿ ತೆರಿಗೆಯ ಲೆಕ್ಕದಲ್ಲಿ ಮೂಲ ತೆರಿಗೆಯ ಜೊತೆಗೆ ಉಪಕರಗಳೂ ಸೇರುತ್ತವೆ: ಆರೋಗ್ಯದ್ದೊಂದು, ಗ್ರಂಥಾಲಯದ್ದೊಂದು, ಭಿಕ್ಷುಕರ ಪುನರ್ವಸತಿಯದ್ದೊಂದು. ಗ್ರಂಥಾಲಯದ ಪಾಲು ರೂಪಾಯಿಗೆ 6 ಪೈಸೆ. 5,000 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ 300 ರೂಪಾಯಿ ಬಂತೆಂದಾಯಿತು. ಗ್ರಂಥಾಲಯ ಕರವನ್ನೂ ಭಿಕ್ಷುಕರ ಕರವನ್ನೂ ಒಟ್ಟಿಗೆ ಕೂರಿಸಬೇಕೆಂದು ಯಾರೂ ಯೋಚಿಸಿ ಮಾಡಿದ್ದಲ್ಲ. ಆದರೂ ಗ್ರಂಥಾಲಯ ಇಲಾಖೆಯ ಹಳಬರು ಅದನ್ನು ಹೇಳಿಕೊಂಡು ನಗುವುದುಂಟು.

ಬ್ರಿಟನ್ನಿನಲ್ಲಿ 2010ರ ನಂತರ ಸ್ಥಳೀಯ ಸಂಸ್ಥೆಗಳ ಅನುದಾನ ಇಳಿದಾಗ ನೂರಾರು ಗ್ರಂಥಾಲಯಗಳು ಬಾಗಿಲು ಹಾಕಿದವು. ಮುಚ್ಚುವ ಮೊದಲು ಪ್ರಸ್ತಾವ ಬಂತು, ಊರವರು ಸಭೆ ಸೇರಿದರು, ಲೇಖಕರು ಬೀದಿಗಿಳಿದರು. ಕರ್ನಾಟಕದ ಕೊರತೆಗೆ ಅಂಥ ದಿನಾಂಕವಿಲ್ಲ. ಇಲ್ಲಿ ಗ್ರಂಥಾಲಯದ ಹಣಕ್ಕೆ ಕತ್ತರಿ ಹಾಕುತ್ತೇವೆಂದು ಯಾವ ಬಜೆಟ್ಟೂ ಸಾರಿ ಹೇಳಲಿಲ್ಲ. ಹಣ ವಸೂಲಾಯಿತು, ವಸೂಲು ಮಾಡಿದವರ ಬಳಿಯೇ ಉಳಿಯಿತು. ಬಾಗಿಲು ತೆರೆದೇ ಇತ್ತು, ಒಳಗಿನ ಕಪಾಟಿಗೆ ಹೊಸ ಪುಸ್ತಕ ಬರುವುದು ನಿಂತಿತು. ಹೀಗೆ ಸದ್ದಿಲ್ಲದೆ ನಡೆದ ಕಡಿತವನ್ನು ಅಂಕಿಅಂಶಕ್ಕಿಂತ ಹೆಚ್ಚಾಗಿ ಓದುಗರ ನೆನಪಿನಲ್ಲೇ ಹುಡುಕಬೇಕಾಗುತ್ತದೆ.

ಕರದ ವ್ಯವಸ್ಥೆ ಬಂದದ್ದು 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ. ಅದು ಜಾರಿಯಾದದ್ದು 1966ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಕನ್ನಡ ನಾಡಿನ ಒಂದೊಂದು ಭಾಗದಲ್ಲಿ ಒಂದೊಂದು ಪದ್ಧತಿ ಇತ್ತು. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿ 1948ರ ಮದರಾಸು ಗ್ರಂಥಾಲಯ ಕಾಯ್ದೆ ನಡೆಯುತ್ತಿತ್ತು. ಸ್ವತಂತ್ರ ಭಾರತದಲ್ಲಿ ಇಂಥ ಕಾಯ್ದೆ ಮೊದಲು ಬಂದದ್ದು ಮದರಾಸಿನಲ್ಲಿಯೇ. ಬೀದರ, ಕಲಬುರಗಿ, ರಾಯಚೂರು ಕಡೆ 1955ರ ಹೈದರಾಬಾದ್ ಕಾಯ್ದೆ ಇತ್ತು. ಧಾರವಾಡ, ಬೆಳಗಾವಿ ಸೀಮೆಯಲ್ಲಿ ಕಾನೂನಿಗಿಂತ ಸಂಘಗಳೇ ಗಟ್ಟಿ. ಊರವರ ವಂತಿಗೆ ಮತ್ತು ಸಣ್ಣ ಸರ್ಕಾರಿ ಅನುದಾನದಲ್ಲಿ ವಾಚನಾಲಯಗಳು ನಡೆಯುತ್ತಿದ್ದವು. ಹಳೆಯ ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರು ಮತ್ತು ಮೈಸೂರಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಶುರುವಾದವು. ಬೆಂಗಳೂರಿನದ್ದಕ್ಕೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ ಭವನ, 1915ರಿಂದ ಮನೆಯಾಯಿತು. ಕಾಯ್ದೆ ಬಂದ ಮೇಲೆ ಅದೇ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು.

ಈ ಬಗೆಯ ಕಾಯ್ದೆಗಳ ಹಿಂದೆ ಇದ್ದವರು ಎಸ್.ಆರ್. ರಂಗನಾಥನ್. ಮದರಾಸಿನ ಕಾಯ್ದೆಗಾಗಿ ದುಡಿದ ಅವರು ಹಲವು ರಾಜ್ಯಗಳಿಗೆ ಕರಡು ಬರೆದುಕೊಟ್ಟರು, ಮೈಸೂರಿಗೂ ಬರೆದುಕೊಟ್ಟರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಗ್ರಂಥಾಲಯವು ಮಂತ್ರಿಯ ಕೃಪೆಯಿಂದಲೋ ದಾನಿಯ ಔದಾರ್ಯದಿಂದಲೋ ನಡೆಯಬಾರದು, ಅದಕ್ಕೆಂದೇ ತೆಗೆದಿಟ್ಟ ಕರ ಇರಬೇಕು ಎಂಬುದು ಅವರ ಹಟ. ಕರ ಬೇರೆ ಇದ್ದರೆ ಬರಗಾಲದ ವರ್ಷದಲ್ಲೂ ಯಾರೂ ಅದಕ್ಕೆ ಕೈಹಾಕಲಾರರು ಎಂಬ ಲೆಕ್ಕಾಚಾರ ಅದರಲ್ಲಿತ್ತು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಕರವನ್ನು ವಸೂಲು ಮಾಡುವ ಕೈ ಬೇರೆ, ಖರ್ಚು ಮಾಡುವ ಕೈ ಬೇರೆ ಆದಾಗ ಏನಾಗುತ್ತದೆ ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ.

ಕಾಯ್ದೆಯಲ್ಲಿ ಮೊದಲು ಗೊತ್ತುಮಾಡಿದ ದರ ರೂಪಾಯಿಗೆ 3 ಪೈಸೆ. ಮುಂದೆ ಅದು 6 ಪೈಸೆ ಆಯಿತು. ಕಟ್ಟಡ ಮತ್ತು ಜಮೀನಿನ ತೆರಿಗೆಯೊಂದೇ ಅಲ್ಲ, ಊರಿಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್, ವಾಹನ ತೆರಿಗೆ, ವೃತ್ತಿ ತೆರಿಗೆಗಳ ಮೇಲೂ ಸ್ಥಳೀಯ ಸಂಸ್ಥೆ ಈ ಕರ ಹಾಕಬಹುದಿತ್ತು. ಈ ಮೂಲಗಳು ಒಂದೊಂದಾಗಿ ಜಾರಿದವು. ವೃತ್ತಿ ತೆರಿಗೆ 1976ರ ಕಾಯ್ದೆಯಿಂದ ರಾಜ್ಯ ಸರ್ಕಾರದ ಕೈಗೆ ಹೋಯಿತು. 1979ರಲ್ಲಿ ಆಕ್ಟ್ರಾಯ್ ರದ್ದಾಗಿ ಊರ ಬಾಗಿಲ ನಾಕಾಗಳು ಹೋದವು. ಲಾರಿಯವರಿಗೂ ವರ್ತಕರಿಗೂ ಅದು ಹಬ್ಬ. ಅದರ ಜೊತೆಗೆ ಗ್ರಂಥಾಲಯದ ಒಂದು ಆದಾಯವೂ ಹೋಯಿತೆಂದು ಆಗ ಗಮನಿಸಿದವರು ಕಡಿಮೆ. ಕೊನೆಗೆ ನೆಚ್ಚಲು ಉಳಿದದ್ದು ಮನೆ ಕಂದಾಯ ಒಂದೇ. ಸಣ್ಣ ಪಟ್ಟಣಗಳಲ್ಲಿ ಮನೆ ಕಂದಾಯ ಸರಿಯಾಗಿ ವಸೂಲಾಗುವುದೇ ಅಪರೂಪ.

ಹೀಗಿದ್ದರೂ ಎಪ್ಪತ್ತು ಎಂಬತ್ತರ ದಶಕದ ಗ್ರಂಥಾಲಯವನ್ನು ಬಲ್ಲವರು ಅದನ್ನು ಬಡತನದ ಜಾಗವೆಂದು ನೆನೆಯುವುದಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಅದು ಹೆಚ್ಚಾಗಿ ಬಾಡಿಗೆ ಕಟ್ಟಡದಲ್ಲೋ ಪುರಸಭೆಯ ಹಳೆಯ ಕೋಣೆಯಲ್ಲೋ ಇರುತ್ತಿತ್ತು. ಮುಂದಿನ ಕೋಣೆಯಲ್ಲಿ ಇಳಿಜಾರು ಹಲಗೆಯ ಮೇಲೆ ಪತ್ರಿಕೆಗಳು. ಪ್ರಜಾವಾಣಿ, ಕನ್ನಡಪ್ರಭ, ಹುಬ್ಬಳ್ಳಿ ಕಡೆ ಸಂಯುಕ್ತ ಕರ್ನಾಟಕ, ಕರಾವಳಿಯಲ್ಲಿ ಉದಯವಾಣಿ. ನಿಂತುಕೊಂಡೇ ಓದಬೇಕು. ಒಬ್ಬರು ಮೊದಲ ಪುಟ ಓದುತ್ತಿದ್ದರೆ ಇನ್ನೊಬ್ಬರು ಪುಟ ತಿರುವಲು ಕಾಯಬೇಕು; ಕಾಯುವವರು ಕೆಮ್ಮುತ್ತಿದ್ದರು. ಮೇಜಿನ ಮೇಲೆ ಸುಧಾ, ಮಯೂರ, ಕಸ್ತೂರಿ, ತುಷಾರ, 1983ರಿಂದ ತರಂಗ. ಕಾಯ್ದೆ ಅಂಗೀಕಾರವಾದ ವರ್ಷವೇ ಸುಧಾ ಕೂಡ ಶುರುವಾಗಿತ್ತು. ವಾರಪತ್ರಿಕೆಯ ಧಾರಾವಾಹಿ ಓದಲೆಂದೇ ಬರುತ್ತಿದ್ದ ಒಂದು ಪೀಳಿಗೆಗೆ ಇವೆರಡೂ ಒಟ್ಟಿಗೇ ದಕ್ಕಿದವು. ಮಕ್ಕಳ ಪಾಲಿಗೆ ಚಂದಮಾಮ, ಬಾಲಮಿತ್ರ. ಯಾರಾದರೂ ಅವನ್ನು ಅಂಗಿಯೊಳಗೆ ತುರುಕಿಕೊಂಡು ಹೋಗದಿದ್ದರೆ.

ಪತ್ರಿಕೆ ಓದಲು ಯಾರ ಅಪ್ಪಣೆಯೂ ಬೇಡ. ಪುಸ್ತಕ ಮನೆಗೆ ಒಯ್ಯಲು ಮಾತ್ರ ಸದಸ್ಯತ್ವ ಬೇಕು: ಸ್ವಲ್ಪ ಠೇವಣಿ, ಅನೇಕ ಕಡೆ ಕಂದಾಯ ಕಟ್ಟುವವರೊಬ್ಬರ ಜಾಮೀನು ಸಹಿ. ಈ ಸಹಿಯ ಸಲುವಾಗಿ ಹುಡುಗರು ಮೇಷ್ಟರ ಮನೆಗೂ ಅಂಗಡಿ ಸಾಹುಕಾರರ ಮನೆಗೂ ಅಲೆಯುತ್ತಿದ್ದರು. ಸ್ವಂತ ಮನೆಯಿಲ್ಲದ ಬಡವರ ಮಕ್ಕಳಿಗೆ ಸಹಿ ಹಾಕುವವರು ಸಿಗುವುದು ಕಷ್ಟವಾಗಿತ್ತು. ಎಲ್ಲರ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಈ ಒಂದು ನಿಯಮ ಯಾರನ್ನು ಹೊರಗಿಟ್ಟಿತು ಎಂಬುದನ್ನು ಯಾರೂ ಲೆಕ್ಕವಿಟ್ಟಿಲ್ಲ. ಒಳಗೆ ಬಂದವರಿಗೆ ಅನಕೃ, ತರಾಸು, ತ್ರಿವೇಣಿ, ಬೀಚಿ ಸಿಗುತ್ತಿದ್ದರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ರಟ್ಟು ಯಾವಾಗಲೂ ಕಿತ್ತುಹೋಗಿರುತ್ತಿತ್ತು. ಯಾವ ಪುಸ್ತಕಕ್ಕೆ ಬೇಡಿಕೆ ಹೆಚ್ಚೆಂದು ತಿಳಿಯಲು ಲೆಡ್ಜರು ನೋಡಬೇಕಿರಲಿಲ್ಲ. ಮನೆಯ ಹೆಂಗಸರು ತಾವು ಬರುವುದಕ್ಕಿಂತ ಮಕ್ಕಳ ಕೈಯಲ್ಲಿ ಚೀಟಿ ಕೊಟ್ಟು ಕಳಿಸುವುದೇ ವಾಡಿಕೆ. ಚೀಟಿಯಲ್ಲಿ ಬರೆದ ಪುಸ್ತಕ ಇಲ್ಲದಿದ್ದರೆ ಗ್ರಂಥಪಾಲಕರು ತಮಗೆ ತೋಚಿದ್ದನ್ನು ಕೊಡುತ್ತಿದ್ದರು. ಹಾಗೆ ತೋಚಿ ಕೊಟ್ಟ ಪುಸ್ತಕಗಳಿಂದ ಬೆಳೆದ ಓದುಗರು ಕನ್ನಡದಲ್ಲಿ ಕಡಿಮೆಯೇನಲ್ಲ.

ಹಣ ಕಡಿಮೆಯಾದಾಗ ಗ್ರಂಥಾಲಯ ಸೊರಗುವುದಕ್ಕೂ ಒಂದು ಕ್ರಮವಿದೆ. ಮೊದಲು ನಿಲ್ಲುವುದು ರಟ್ಟು ಹಾಕಿಸುವ ಕೆಲಸ. ಬೈಂಡಿಂಗ್ ಇಲ್ಲದೆ ಹೆಚ್ಚು ಓದಿಸಿಕೊಂಡ ಪುಸ್ತಕಗಳೇ ಮೊದಲು ಸಾಯುತ್ತವೆ, ಯಾರೂ ಮುಟ್ಟದವು ಹೊಸದರಂತೆ ಉಳಿಯುತ್ತವೆ. ಹತ್ತು ವರ್ಷ ಹೀಗೆ ಕಳೆದರೆ ಕಪಾಟಿನಲ್ಲಿ ಓದುಗರು ಬೇಡವೆಂದ ಪುಸ್ತಕಗಳದೇ ಸಂಗ್ರಹ. ಆಮೇಲೆ ನಿಲ್ಲುವುದು ಹೊಸ ಪುಸ್ತಕ. ಅನಂತರ ಮಾಸಿಕಗಳು, ವಾರಪತ್ರಿಕೆಗಳು. ಸುಟ್ಟುಹೋದ ಟ್ಯೂಬ್‌ಲೈಟು ಹಾಗೆಯೇ ಇರುತ್ತದೆ. ಸಂಜೆ ಆರರ ಮೇಲೆ ಕಿಟಕಿ ಪಕ್ಕದ ಬೆಂಚಿಗೆ ಪೈಪೋಟಿ. ಕಟ್ಟಡದ ಬಾಡಿಗೆ ತಿಂಗಳುಗಟ್ಟಲೆ ನಿಂತು ಮಾಲೀಕರು ಬಾಗಿಲಿಗೆ ಬಂದು ಹೋಗುತ್ತಾರೆ. ಎಲ್ಲಕ್ಕಿಂತ ಕೊನೆಗೆ ನಿಲ್ಲುವುದು ದಿನಪತ್ರಿಕೆ, ಏಕೆಂದರೆ ಅದು ನಿಂತ ದಿನವೇ ಊರಿಗೆ ಗೊತ್ತಾಗುತ್ತದೆ. ಪತ್ರಿಕೆಯ ಏಜೆಂಟರು ಬಾಕಿ ಬರೆದುಕೊಂಡೇ ಹಾಕುತ್ತಿದ್ದರು. ಕೆಲವೆಡೆ ಗ್ರಂಥಾಲಯ ನೋಡಿಕೊಳ್ಳುವವರು ತಮ್ಮ ಜೇಬಿನಿಂದ ಕೊಟ್ಟು, ಬಿಲ್ಲು ಮಂಜೂರಾದಾಗ ತೆಗೆದುಕೊಂಡರು. ಮಂಜೂರಾಗದಿದ್ದರೆ ಇಲ್ಲ. ಇಂಥ ಹಣವನ್ನು ಯಾವ ಲೆಕ್ಕಪರಿಶೋಧನೆಯೂ ತೋರಿಸುವುದಿಲ್ಲ. ಆದರೆ ಹಳ್ಳಿಯ ಗ್ರಂಥಾಲಯ ನಡೆದದ್ದೇ ಇದರಿಂದ.

ಮೇಲಿನ ಹಂತದಲ್ಲಿ ತೊಡಕು ಬೇರೆ ರೀತಿಯದು. ಕಾಯ್ದೆಯಂತೆ ದೊಡ್ಡ ನಗರಗಳಿಗೆ ನಗರ ಗ್ರಂಥಾಲಯ ಪ್ರಾಧಿಕಾರ, ಜಿಲ್ಲೆಗಳಿಗೆ ಜಿಲ್ಲಾ ಪ್ರಾಧಿಕಾರ. ನಗರ ಪ್ರಾಧಿಕಾರಕ್ಕೆ ಮೇಯರ್ ಅವರೇ ಅಧ್ಯಕ್ಷರು. ಅಂದರೆ ಕರ ಕೊಡಬೇಕಾದ ಪಾಲಿಕೆಯ ಮೊದಲ ಪ್ರಜೆಯೂ ಅದಕ್ಕಾಗಿ ಕಾಯುವ ಪ್ರಾಧಿಕಾರದ ಮುಖ್ಯಸ್ಥರೂ ಒಬ್ಬರೇ. ಹೀಗೆ ಮಾಡಿದರೆ ಹಣ ಸಲೀಸಾಗಿ ಬರುತ್ತದೆಂದು ಕಾಯ್ದೆ ಬರೆದವರು ನಂಬಿದ್ದಿರಬೇಕು. ಪಾಲಿಕೆಯ ಖಜಾನೆಯಲ್ಲಿ ರಸ್ತೆ, ಚರಂಡಿ, ಕಸದ ಗುತ್ತಿಗೆದಾರರ ಬಿಲ್ಲು, ಸಂಬಳ ಎಲ್ಲವೂ ಸಾಲುಗಟ್ಟಿ ನಿಂತಿರುತ್ತವೆ. ಗುತ್ತಿಗೆದಾರರು ಬಂದು ಕೂಗುತ್ತಾರೆ. ಕೂಗಲು ಗ್ರಂಥಾಲಯಕ್ಕೆ ಬಾಯಿಲ್ಲ. ಬೆಂಗಳೂರು ಮಹಾನಗರ ಪಾಲಿಕೆ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಕೊಡಬೇಕಾದ ಬಾಕಿ ನೂರಾರು ಕೋಟಿ ರೂಪಾಯಿಗೆ ಬೆಳೆದದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸುದ್ದಿ. ಬೇರೆ ನಗರಗಳಲ್ಲೂ ಬಾಕಿ ಇತ್ತು, ಮೊತ್ತ ಸಣ್ಣದು. ಇದನ್ನು ಕಳ್ಳತನವೆಂದು ಕರೆಯುವುದು ಸುಲಭ, ಸರಿಯಲ್ಲ. ಆ ಹಣ ಬಹುಪಾಲು ಇನ್ನೊಂದು ಸಾರ್ವಜನಿಕ ಕೆಲಸಕ್ಕೇ ಹೋಗಿರುತ್ತದೆ. ಆದರೆ ಜನ ಅದನ್ನು ಕಟ್ಟಿದ್ದು ಚರಂಡಿಗಲ್ಲ.

ಇದರ ಪೆಟ್ಟು ಓದುಗರಿಗಷ್ಟೇ ಅಲ್ಲ, ಬರೆಯುವವರಿಗೂ ಅಚ್ಚು ಹಾಕುವವರಿಗೂ ಬಿತ್ತು. ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲದ ಸಂಗತಿ. ಕನ್ನಡದ ಒಂದು ಕಥಾಸಂಕಲನವೋ ಕವನ ಸಂಕಲನವೋ ಸಾಮಾನ್ಯವಾಗಿ 500ರಿಂದ 1,000 ಪ್ರತಿ ಅಚ್ಚಾಗುತ್ತದೆ. ಇಲಾಖೆಯ ಸಗಟು ಖರೀದಿಯಲ್ಲಿ, ಪ್ರಕಾಶಕರ ಬಾಯಲ್ಲಿ ‘ಏಕಗವಾಕ್ಷಿ’ ಎನಿಸಿಕೊಂಡ ಯೋಜನೆಯಲ್ಲಿ, ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಕೊಳ್ಳಲಾಗುತ್ತಿತ್ತು. ಅಷ್ಟು ಹೋದರೆ ಅಚ್ಚಿನ ಖರ್ಚು ಹುಟ್ಟಿತೆಂದೇ ಅರ್ಥ. ಹೊಸ ಕವಿಯ ಮೊದಲ ಸಂಕಲನಕ್ಕೆ ಪ್ರಕಾಶಕರು ಧೈರ್ಯ ಮಾಡುತ್ತಿದ್ದುದು ಈ ಮುನ್ನೂರನ್ನು ನಂಬಿಕೊಂಡು. ಯೋಜನೆಗೆ ಕೊಂಕುಗಳೂ ಇದ್ದವು. ಪುಟಕ್ಕಿಷ್ಟು ಎಂದು ದರ ಕಟ್ಟುವುದರಿಂದ ಕಾಗದದ ಬೆಲೆ ಏರಿದಾಗ ನಷ್ಟವಾಗುತ್ತಿತ್ತು. ಇಲಾಖೆಗೆ ಮಾರಲೆಂದೇ ಅಚ್ಚಾದ, ಅಂಗಡಿಯ ಮುಖವನ್ನೇ ಕಾಣದ ಪುಸ್ತಕಗಳೂ ಕಪಾಟು ತುಂಬಿದವು. ಆದರೆ 2020ರ ನಂತರ ಖರೀದಿ ವರ್ಷಗಟ್ಟಲೆ ಹಿಂದೆ ಬಿದ್ದಾಗ ಜೊಳ್ಳಿನ ಜೊತೆ ಕಾಳೂ ಹೋಯಿತು. ಲೇಖಕರೂ ಪ್ರಕಾಶಕರೂ ಮನವಿ ಕೊಟ್ಟರು, ಬೀದಿಯಲ್ಲಿ ಕುಳಿತರು. ಕೋಲ್ಕತ್ತದ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಸಹಾಯ ಬರುತ್ತಿದ್ದರೂ ಅದರ ಒಂದು ಭಾಗ ರಾಜ್ಯವೂ ಪಾಲು ಹಾಕಿದರಷ್ಟೇ ಸಿಗುವಂಥದ್ದು.

ಹಣ ಸೊರಗಿದ ಈ ದಶಕಗಳಲ್ಲೇ ಗ್ರಂಥಾಲಯದೊಳಗೆ ಕೂರುವವರು ಬದಲಾದರು. ಮೊದಲು ಮನೆಗಳಿಗೆ ಟಿ.ವಿ. ಬಂದು ಕಾದಂಬರಿ ಎರವಲು ಒಯ್ಯುವವರು ಕಡಿಮೆಯಾದರು. ಆಮೇಲೆ ಮೊಬೈಲು ಬಂದು ಪತ್ರಿಕೆ ಓದಲು ಬರುವವರಲ್ಲಿ ನಿವೃತ್ತರಷ್ಟೇ ಉಳಿದರು. ಅವರ ಜಾಗಕ್ಕೆ ಬಂದವರು ನೌಕರಿ ಪರೀಕ್ಷೆಯ ಹುಡುಗ ಹುಡುಗಿಯರು: ಕೆಎಎಸ್, ಪಿಡಿಒ, ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್. ಇವರು ಗ್ರಂಥಾಲಯದಿಂದ ಕೇಳುವುದು ಪುಸ್ತಕವನ್ನಲ್ಲ. ಪುಸ್ತಕ ತಾವೇ ತರುತ್ತಾರೆ, ನೀರಿನ ಬಾಟಲಿ, ಊಟದ ಡಬ್ಬಿಯನ್ನೂ ತರುತ್ತಾರೆ. ಇವರಿಗೆ ಬೇಕಾದದ್ದು ಒಂದು ಮೇಜು, ಕುರ್ಚಿ, ಫ್ಯಾನು, ದೀಪ, ಶೌಚಾಲಯ ಮತ್ತು ಇಡೀ ದಿನದ ನಿಶ್ಶಬ್ದ. ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟ್ ಸುತ್ತಮುತ್ತ ಕೋಚಿಂಗ್ ಕೇಂದ್ರಗಳು ಬೆಳೆದಾಗ ಹತ್ತಿರದ ಹಂಪಿನಗರದ ಗ್ರಂಥಾಲಯ ಇಂಥವರಿಂದ ತುಂಬಿತು. ಧಾರವಾಡದ ಸಪ್ತಾಪುರದ ಕಡೆಯೂ ಇದೇ ಕಥೆ. ಸುತ್ತಲ ಬೀದಿಗಳಲ್ಲಿ ತಿಂಗಳಿಗಿಷ್ಟು ಎಂದು ದುಡ್ಡು ಪಡೆಯುವ ಖಾಸಗಿ ಓದುವ ಕೋಣೆಗಳು ಹುಟ್ಟಿಕೊಂಡವು. ಅಲ್ಲಿ ಕೊಡಲು ಹಣವಿಲ್ಲದವರು ಸರ್ಕಾರಿ ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಬಂದು ಸಾಲು ನಿಲ್ಲುತ್ತಾರೆ.

ಇದನ್ನು ಕಂಡು ಗ್ರಂಥಾಲಯ ಹಾಳಾಯಿತೆಂದು ಮರುಗುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ: ಸಂಗ್ರಹ ಬೆಳೆಯದ ಗ್ರಂಥಾಲಯ ಮೆಲ್ಲಗೆ ಓದುವ ಕೋಣೆಯಾಗುತ್ತದೆ. ಇನ್ನರ್ಧ ಅವರು ನೋಡದ್ದು. ಒಂದೇ ಕೋಣೆಯ ಮನೆಯಲ್ಲಿ ಐದಾರು ಜನರೊಡನೆ ಇರುವ ಹುಡುಗಿಗೆ ಎಂಟು ಗಂಟೆ ಕೂತು ಓದಲು ಊರಿನಲ್ಲಿ ಬೇರೆ ಜಾಗವೇ ಇಲ್ಲ. ಹಣವಿಲ್ಲದ ಕಾಲದಲ್ಲಿ ಗ್ರಂಥಾಲಯ ಕೊಡಬಹುದಾದ ಅತ್ಯಂತ ಅಗ್ಗದ ಸೇವೆ ಇದು. ಬಹುಶಃ ಆ ಕಾರಣಕ್ಕೇ ಅದು ಉಳಿದುಕೊಂಡಿತು.

ಹಳ್ಳಿಗಳ ಮಟ್ಟದಲ್ಲಿ ದೊಡ್ಡ ಬದಲಾವಣೆ ಆದದ್ದು 2019ರಲ್ಲಿ. 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಗ್ರಂಥಾಲಯ ವೃತ್ತಿಯವರಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ; ಪುಸ್ತಕದ ಕೆಲಸ ಪುಸ್ತಕ ಬಲ್ಲವರ ಕೈಯಲ್ಲಿರಬೇಕೆಂಬುದು ಅವರ ವಾದ. ಹಣದ ದೃಷ್ಟಿಯಿಂದ ಮಾತ್ರ ವರ್ಗಾವಣೆ ಒಂದು ಗಂಟು ಬಿಡಿಸಿತು. ಗ್ರಾಮ ಪಂಚಾಯಿತಿಯೂ ಮನೆ ಕಂದಾಯದ ಮೇಲೆ ಶೇಕಡ 6 ಗ್ರಂಥಾಲಯ ಕರ ವಸೂಲು ಮಾಡುತ್ತದೆ. ಈಗ ಕರವೂ ಗ್ರಂಥಾಲಯವೂ ಒಂದೇ ಕಚೇರಿಗೆ ಸೇರಿದವು, ಹಣ ದಾಟಬೇಕಾದ ಹೊಳೆಯೇ ಇಲ್ಲವಾಯಿತು. ಪಂಚಾಯಿತಿ ಮನಸ್ಸು ಮಾಡಿದರೆ ಸುಣ್ಣ ಬಣ್ಣ ಹೊಡೆಸಬಹುದು, ಬಲ್ಬು ಬದಲಿಸಬಹುದು. ಮೇಲ್ವಿಚಾರಕರ ಗೌರವಧನ 7,000 ರೂಪಾಯಿಯಿಂದ 12,000ಕ್ಕೆ ಏರಿತು. ಹೆಸರಿಗೆ ಅರೆಕಾಲಿಕರಾದ ಈ ಮೇಲ್ವಿಚಾರಕರು ಬೀಗ ತೆಗೆಯುವುದು, ಕಸ ಗುಡಿಸುವುದು, ಪತ್ರಿಕೆ ಜೋಡಿಸುವುದು, ರಿಜಿಸ್ಟರು ಬರೆಯುವುದು ಎಲ್ಲವನ್ನೂ ಒಬ್ಬರೇ ಮಾಡಬೇಕು. ಕಾಯಂಗೊಳಿಸಬೇಕೆಂಬ ಅವರ ಬೇಡಿಕೆ ಹಳೆಯದು.

ವರ್ಗಾವಣೆಯ ಬೆನ್ನಿಗೇ ಕೋವಿಡ್ ಬಂತು. ಶಾಲೆಗಳು ಮುಚ್ಚಿದವು. ಆನ್‌ಲೈನ್ ಪಾಠಕ್ಕೆ ಫೋನೂ ಇಲ್ಲ, ಸಿಗ್ನಲ್ಲೂ ಇಲ್ಲ ಎನ್ನುವ ಹಳ್ಳಿಗಳಲ್ಲಿ ಮಕ್ಕಳು ಎಮ್ಮೆ ಹೊಡೆದುಕೊಂಡು ಹೋಗುವುದೋ ಕೂಲಿಗೆ ಹೋಗುವುದೋ ಆಯಿತು. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತವಾಯಿತು. ಜಾಮೀನು ಸಹಿ ಬೇಡ, ಠೇವಣಿ ಬೇಡ. ಲಕ್ಷಾಂತರ ಮಕ್ಕಳು ಹೆಸರು ಬರೆಸಿದರು. ಹೆಸರು ಬರೆಸಿದ ಮಕ್ಕಳಿಗೆ ಕೊಡಲು ಮಕ್ಕಳ ಪುಸ್ತಕಗಳೇ ಕಪಾಟಿನಲ್ಲಿ ಸಾಲದೆಂದು ಆಗ ತಿಳಿಯಿತು. ಜೋಳಿಗೆ ಹಿಡಿದು ಪುಸ್ತಕ ಬೇಡುವ ಅಭಿಯಾನಗಳು ನಡೆದವು. ಹೊರಗಡೆ ಇರುವ ಊರಿನವರು, ಶಿಕ್ಷಕರು, ಕಂಪನಿಗಳು ಕೊಟ್ಟರು. ದಾನವಾಗಿ ಬಂದ ಪುಸ್ತಕದಲ್ಲಿ ಹಳೆಯ ಗೈಡುಗಳೂ ಸವೆದ ಪಠ್ಯಪುಸ್ತಕಗಳೂ ಇದ್ದೇ ಇರುತ್ತವೆ. ಆರಿಸುವ ಕೆಲಸ ಮತ್ತೆ ಮೇಲ್ವಿಚಾರಕರ ಪಾಲಿಗೆ. ಅನೇಕ ಗ್ರಂಥಾಲಯಗಳು ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಪಡೆದವು, ಕಂಪ್ಯೂಟರು, ಟಿ.ವಿ. ಬಂದವು. ಮುಂದಾಳು ಚುರುಕಾಗಿರುವ ಪಂಚಾಯಿತಿಯಲ್ಲಿ ಗೋಡೆ ತುಂಬ ಚಿತ್ರ, ಅಂಗಳದಲ್ಲಿ ಕೇರಂ ಬೋರ್ಡು. ಪಕ್ಕದ ಪಂಚಾಯಿತಿಯಲ್ಲಿ ಬೀಗ. ದಾನವನ್ನು ನೆಚ್ಚಿದ ವ್ಯವಸ್ಥೆಯಲ್ಲಿ ಈ ಏರುಪೇರು ತಪ್ಪುವುದಿಲ್ಲ, ರಂಗನಾಥನ್ ಕರಕ್ಕಾಗಿ ಹಟ ಹಿಡಿದದ್ದೂ ಇದಕ್ಕಾಗಿಯೇ.

ನಗರಗಳ ಗ್ರಂಥಾಲಯಗಳು ಹಳೆಯ ಇಲಾಖೆಯಲ್ಲೇ ಉಳಿದವು. 2020ರಲ್ಲಿ ಇಲಾಖೆ ಡಿಜಿಟಲ್ ಗ್ರಂಥಾಲಯ ಆರಂಭಿಸಿತು. ಕೋವಿಡ್ ದಿನಗಳಲ್ಲಿ ನೋಂದಣಿ ಭರದಿಂದ ಏರಿತು. ಪಠ್ಯ ಮತ್ತು ಪರೀಕ್ಷೆಗೆ ಸಂಬಂಧಿಸಿದ ಸಾಮಗ್ರಿಗೆ ಅದು ಒದಗಿತಾದರೂ ಹೊಸ ಕನ್ನಡ ಪುಸ್ತಕಗಳು ಅಲ್ಲಿ ವಿರಳ. ವಾರ್ಡಿನ ಗ್ರಂಥಾಲಯಗಳಲ್ಲಿ ಕಾಯಂ ಸಿಬ್ಬಂದಿ ನಿವೃತ್ತರಾದಂತೆಲ್ಲ ಜಾಗ ಖಾಲಿ ಬಿದ್ದವು, ಒಬ್ಬ ಗ್ರಂಥಪಾಲಕರಿಗೆ ಹಲವು ಶಾಖೆಗಳ ಹೊಣೆ ಬಂತು.

ಬೆಂಗಳೂರಿನ ನಗರ ಗ್ರಂಥಾಲಯಗಳನ್ನು ಇಲಾಖೆ ಬಹಳ ಹಿಂದೆಯೇ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ವಲಯಗಳಾಗಿ ವಿಂಗಡಿಸಿತ್ತು. ಪಾಲಿಕೆ ಮಾತ್ರ ಒಂದೇ ಇತ್ತು, ಕರ ಬರಬೇಕಿದ್ದದ್ದು ಒಂದೇ ಖಜಾನೆಯಿಂದ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನೂ ಅದೇ ಐದು ಹೆಸರಿನ ನಗರ ಪಾಲಿಕೆಗಳಾಗಿ ಒಡೆಯಲಾಯಿತು. ಹೆಸರುಗಳು ಹೊಂದಿದ್ದು ಆಕಸ್ಮಿಕ. ಲೆಕ್ಕದ ದೃಷ್ಟಿಯಿಂದ ಮಾತ್ರ ಇದು ಸಣ್ಣ ವಿಷಯವಲ್ಲ: ಆಸ್ತಿ ತೆರಿಗೆ ಈಗ ಐದು ಕಡೆ ವಸೂಲಾಗುತ್ತದೆ, ಗ್ರಂಥಾಲಯದ 6 ಪೈಸೆಯನ್ನು ಇಲಾಖೆ ಐದು ಬಾಗಿಲುಗಳಲ್ಲಿ ಕೇಳಬೇಕಾಗುತ್ತದೆ.